ಮೇಸ್ತ್ರಿ ದನಿಯಲ್ಲಿ ಮಲಗಿಸಿದ ಎರಡು ಕಲ್ಲು

ತಪ್ಪು ನನ್ನದು. ಮೊದಲೇ ಹೇಳಿಬಿಡ್ತೀನಿ. ಕೊನೆಗೆ ಹೇಳೋಣ ಅಂತ ಇಟ್ಟುಕೊಂಡರೆ ಅಷ್ಟರಲ್ಲಿ ಅದನ್ನ ಇನ್ಯಾರ ತಲೆಗಾದರೂ ಕಟ್ಟಿರ್ತೀನಿ, ನನ್ನ ಬುದ್ಧಿ ನನಗೆ ಗೊತ್ತು.

ಕಾಕ್ಸ್ ಟೌನಿನ ಒಂದು ಹಳೇ ಚರ್ಚು. ಗೋಡೆಯೆಲ್ಲ ನಮ್ಮ ಕಡೆಯ ಕಗ್ಗಲ್ಲು. ಕಿಟಕಿಗಳ ಸುತ್ತ ಮಾತ್ರ ಯಾವ ಕಾಲದಲ್ಲೋ ದೂರದಿಂದ ತರಿಸಿದ ಕೆಂಪು ಮರಳುಗಲ್ಲು. ಅದರಲ್ಲಿ ಸವೆದದ್ದನ್ನ ತೆಗೆದು ಹೊಸದು ಕೂರಿಸೋ ಕೆಲಸ. ನಾವು ಹಲಸೂರಿನ ಗುಂಪು, ಕಗ್ಗಲ್ಲು ಒಡೆದೇ ಬೆಳೆದವರು. ಕಗ್ಗಲ್ಲನ್ನ ಹೆಂಗಿಟ್ಟರೂ ನಿಲ್ಲುತ್ತೆ. ಮರಳುಗಲ್ಲು ಹಾಗಲ್ಲ. ನೆಲದೊಳಗೆ ಪದರ ಪದರವಾಗಿ ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೇ ಮಲಗಬೇಕು. ಪದರ ನೆಟ್ಟಗೆ ನಿಂತರೆ ನೀರು ಇಳಿದು ಮುಖವೇ ಕಳಚಿಕೊಳ್ಳುತ್ತೆ. ಗರಗಸದಲ್ಲಿ ಕೊಯ್ದು ಬಂದ ನುಣ್ಣನೆ ಕಲ್ಲಲ್ಲಿ ಆ ಪದರ ನಮಗೆ ಕಾಣುತ್ತಿರಲಿಲ್ಲ. ನಮ್ಮ ಮೇಸ್ತ್ರಿಗೆ ಕೇಳಿಸುತ್ತಿತ್ತು. ಸಣ್ಣ ಸುತ್ತಿಗೆಯಿಂದ ಎಲ್ಲ ಕಡೆ ತಟ್ಟಿ, ಎಡಗಿವಿ ಆನಿಸಿ, ಒಂದು ಸಲ ಕೆಮ್ಮಿ, "ಹ್ಞೂಂ, ಮಲಗಿಸ್ರಪ್ಪಾ" ಅನ್ನೋರು. ಆ ಮಾತು ಬೀಳದೆ ಕಲ್ಲು ಗೋಡೆಗೆ ಹೋಗೋ ಹಾಗಿರಲಿಲ್ಲ.

ನನಗೋ ಅಣಕಿಸೋ ಚಟ, ಎಲ್ಲರ ದನಿಯೂ ಬಾಯಲ್ಲೇ ಇರುತ್ತಿತ್ತು. ಮಾತು ಮಾತಿಗೂ 'ಬೇಸಿಕಲಿ' ಅನ್ನೋ ಇಂಜಿನಿಯರು, ಪ್ರಾರ್ಥನೆ ನಡುವೆ ಮೂಗು ಎಳೆಯೋ ಪಾದ್ರಿ, ನನ್ನ ಹುಡುಗಿ ಫೋನ್ ಮಾಡಿದರೆ ಅರ್ಧ ಇಂಗ್ಲಿಷಾಗೋ ನಾನೇ. ಕೇಳಿ ಮೇಸ್ತ್ರಿಯೂ ನಗೋರು.

ಒಂದು ಮಧ್ಯಾಹ್ನ ಮೇಸ್ತ್ರಿ ಊಟಕ್ಕೆ ಹೋಗಿದ್ದರು. ಸಾರವೆಯ ಮೇಲೆ ಇಬ್ಬರು ಗಾರೆಯವರು ಕಲ್ಲು ಎತ್ತಿ ಕಾಯ್ತಿದ್ದರು. ನಾನು ಸಾರವೆಗೆ ಕಟ್ಟಿದ್ದ ಹಸಿರು ಪರದೆ ಹಿಂದೆ ನಿಂತು ಮೇಸ್ತ್ರಿ ಹಾಗೇ ಕೆಮ್ಮಿದೆ. "ಹ್ಞೂಂ, ಮಲಗಿಸ್ರಪ್ಪಾ."

"ಸರಿಂಗ ಮೇಸ್ತ್ರಿ" ಅಂತ ತಮಿಳಲ್ಲೇ ಅಂದು ಇಟ್ಟೇಬಿಟ್ಟರು. ನಗು ತಡೆಯೋಕಾಗದೆ ಎರಡನೇ ಕಲ್ಲಿಗೂ ಹಾಗೇ ಅಂದೆ. ಪರದೆ ಸರಿಸಿ ಹೊರಗೆ ಬಂದಾಗ ಅವರೂ ನಕ್ಕರು. "ನಿನ್ನ ಬಾಯಿಗೆ ಬೆಂಕಿ ಹಾಕ" ಅಂದರು. ಆ ಕಲ್ಲು ತೆಗೆಯೋಣ ಅಂದುಕೊಳ್ಳೋಷ್ಟರಲ್ಲಿ ಮೇಸ್ತ್ರಿ ಬಂದರು. ತಲೆಯೆತ್ತಿ ನೋಡಿ, "ಅವೆರಡು ನಾನು ತಟ್ಟಿದ್ನಾ?" ಅಂದರು.

"ಬೆಳಿಗ್ಗೇನೇ ತಟ್ಟಿದ್ರಲ್ಲ" ಅಂದೆ. ಈ ಸಲ ನನ್ನದೇ ದನಿಯಲ್ಲಿ.

ಎರಡು ಮಳೆಗಾಲ ಕಳೆದ ಮೇಲೆ ಚರ್ಚಿನಿಂದ ಕರೆ ಬಂತು. ಹೋಗಿ ನೋಡಿದರೆ ಆ ಎರಡು ಕಲ್ಲಿನ ಮುಖ ಹಳೇ ಪೋಸ್ಟರಿನ ಹಾಗೆ ಎದ್ದಿತ್ತು. ಇಂಜಿನಿಯರು ಬೆರಳು ತೂರಿಸಿದ್ದೇ ತಡ, ಅಂಗೈ ಅಗಲದ ಚಕ್ಕೆ ಬಿತ್ತು. ಮೇಸ್ತ್ರಿ ಏಣಿ ಹತ್ತಿ ತಟ್ಟಿದರು, ಕಿವಿ ಇಟ್ಟರು, ಇನ್ನೊಮ್ಮೆ ತಟ್ಟಿದರು. ಇಳಿದು ಬಂದು ಮೆಲ್ಲಗೆ ಅಂದರು, "ಪದರ ನಿಂತಿದೆ. ಈಗ ಕೇಳಿಸ್ತಿದೆ, ಅವತ್ತು ಕೇಳಿಸಿಲ್ಲ. ಇನ್ನು ಈ ಕಿವೀನ ನಂಬಬಾರದು."

ಸುತ್ತಿಗೆಯನ್ನ ನನ್ನ ಕೈಗೆ ಕೊಟ್ಟು ಬಸ್ ಸ್ಟಾಪಿನ ಕಡೆ ನಡೆದರು. ಆಮೇಲೆ ಯಾವ ಕೆಲಸಕ್ಕೂ ಬರಲಿಲ್ಲ. ಬೇರೆ ಚರ್ಚಿನವರು ಕರೆದರೂ, "ಕಿವಿ ಹೋಗಿದೆ, ಬೇರೆಯವರನ್ನ ನೋಡ್ಕೊಳ್ಳಿ" ಅಂದರಂತೆ.

ನನಗೆ ಬಾಯಿ ಬರೋಕೆ ಮೂರು ತಿಂಗಳು ಬೇಕಾಯ್ತು. ಆ ಗಾರೆಯವರಿಬ್ಬರನ್ನ ಸಾಕ್ಷಿಗೆ ಕರ್ಕೊಂಡು ಹೋಗೋಣ ಅಂದರೆ ಊರು ಸೇರಿದ್ದರು. ಒಬ್ಬನೇ ರಾಮಮೂರ್ತಿ ನಗರದ ಮೇಸ್ತ್ರಿ ಮನೆಗೆ ಹೋದೆ. ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೂತು ನಾಲ್ಕು ಕಾಯಿ ಸುಲಿದೆ. ಆಮೇಲೆ ಎಲ್ಲ ಹೇಳಿದೆ. ಪರದೆ, ಕೆಮ್ಮು, ಆ ಸುಳ್ಳು. "ನಿಮ್ಮ ಕಿವಿ ಸರಿಯಾಗೇ ಇದೆ. ಅವೆರಡನ್ನ ನೀವು ತಟ್ಟೇ ಇರಲಿಲ್ಲ. ಕೆಲಸಕ್ಕೆ ಬನ್ನಿ." ಹೇಳ್ತಾ ಹೇಳ್ತಾ ಕಣ್ಣಲ್ಲಿ ನೀರು ಬಂತು. ಯಾರನ್ನೂ ಅಣಕಿಸದೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ನಕ್ಕು, ಬೆನ್ನು ತಟ್ಟಿ, ಮತ್ತೆ ಕಾಯಿಗೆ ಕೈ ಹಾಕಿದರು.

"ಮುದುಕನ ಸಮಾಧಾನಕ್ಕೆ ಇಷ್ಟು ದೂರ ಬಂದೆಯಲ್ಲ. ಚೆನ್ನಾಗಿ ಮಾಡ್ದೆ ಮಗಾ, ಅಳು ಕೂಡ ಬಂತು. ಇದು ಯಾರ ದನಿ?"