ಅಕ್ಕೋರು ಕಲಿಸಿದ ಎರಡು ಬಗೆಯ ಊಟ

ಗಡಿಯಾರದ ಚರ್ಮದ ಪಟ್ಟಿಗೆ ಅಕ್ಕೋರು ದಬ್ಬಳದಿಂದ ಮತ್ತೊಂದು ತೂತು ಕೊರೆದುಕೊಂಡಿದ್ದರು; ಆದರೂ ಅದು ಮಣಿಕಟ್ಟಿನಲ್ಲಿ ನಿಲ್ಲದೆ ಮೊಳಕೈವರೆಗೆ ಜಾರುತ್ತಿತ್ತು. ಆ ಸೋಮವಾರವೂ ಎಂದಿನಂತೆ ಅಂಗಳಕ್ಕೆ ನೀರು ಹೊಡೆದು, ಎಮ್ಮೆ ಹಾಲು ಕಾಯಿಸಿ, ಒಂದು ಲೋಟ ಸೆರಗಿನಲ್ಲಿ ಮುಚ್ಚಿಕೊಂಡು ಅವರ ಮನೆಗೆ ಹೊರಟೆ.

ಕಾನ್ವೆಂಟಿನಲ್ಲಿ ನನಗೆ ಜೀವಶಾಸ್ತ್ರ ಕಲಿಸಿದವರು ಅವರು. ನಾನು ಸಂಖ ಎಂಬ ಈ ಊರಿಗೆ ಸೊಸೆಯಾಗಿ ಬಂದಾಗ ಪಕ್ಕದ ಓಣಿಯಲ್ಲೇ ಸಿಕ್ಕರು. ಆಗೆಲ್ಲ ತರಗತಿಯಲ್ಲಿ ಪಾಠವನ್ನು ಇಂಗ್ಲಿಷಿನಲ್ಲಿ ಮುಗಿಸಿ, ಸಿಸ್ಟರ್ ಆಚೆ ಹೋದರೆಂದು ಖಾತ್ರಿಯಾದ ಮೇಲೆ ನಮ್ಮ ಮಾತಿಗೆ ಇಳಿಯುತ್ತಿದ್ದರು. ಮೇಜಿನ ಮೇಲಿನ ಸೀಮೆಸುಣ್ಣವನ್ನು ಸೆರಗು ಚಾಚಿ ಸುತ್ತಿಕೊಂಡು, "ನೋಡ್ರೆವ್ವಾ, ಬಿಳಿ ರಕ್ತಕಣ ಹೊರಗಿನ ಕ್ರಿಮಿನ ಹಿಂಗ ನುಂಗ್ತದ. ಹಸದ ಕೋಶಕ್ಕ ಹೊರಗ ಏನೂ ಸಿಗಲಿಲ್ಲಂದ್ರ? ತನ್ನ ಒಳಗಿನ ಹಳೇ ಸಾಮಾನನ್ನ ಚೀಲಕ್ಕ ಹಾಕಿ ಕರಗಿಸ್ತದ. ಕರಗಿಸೋ ರಸ ಎರಡಕ್ಕೂ ಒಂದ. ಮೊದಲಿಂದು ಬ್ಯಾಟಿ ಆಡಿ ತಿನ್ನೂದು, ಎರಡನೇದು ಮನಿ ಮಂಚ ಮುರದು ಒಲಿಗಿ ಹಾಕೂದು" ಎನ್ನುತ್ತಿದ್ದರು.

ಶ್ರಾವಣ ಪೂರ್ತಿ ಅವರದು ಬರೀ ಹಾಲಿನ ವ್ರತವೆಂದು ಓಣಿ ನಂಬಿತ್ತು. ಗಂಟಲಲ್ಲಿ ಏನೋ ಬೆಳೆದು, ಹಾಲೂ ಎರಡು ಚಮಚೆಗಿಂತ ಹೆಚ್ಚು ಇಳಿಯದೆಂದು ಗೊತ್ತಿದ್ದವಳು ನಾನೊಬ್ಬಳೇ. ಉಳಿದದ್ದನ್ನು ಹಿತ್ತಲ ಬೇವಿನ ಬುಡಕ್ಕೆ ನಾನೇ ಸುರಿಯುತ್ತಿದ್ದೆ.

"ನಿಮ್ಮ ಮಗನ ಮುಂದ ಹೇಳ್ತೀನ್ರಿ ಅಕ್ಕೋರ" ಎಂದಿದ್ದೆ ಹಿಂದಿನ ವಾರ.

"ಹೇಳಿದ್ರ ಮಿರಜಿ ದವಾಖಾನಿಗಿ ಒಯ್ತಾರ. ನಮ್ಮ ಯಜಮಾನ್ರಿಗಿ ಹಾಕಿದಂಗ ಮೂಗಿನಾಗ ನಳಿಗಿ ಹಾಕಿ ಮಲಗಿಸ್ತಾರ. ನನ್ನ ಆಣಿ ಅದ ನಿನಗ." ಆಮೇಲೆ ನಕ್ಕರು. "ಮಂಚ ಮುರದಾತು. ಈಗ ನನ್ನ ಕೋಶಗೋಳು ಬಾಗಲಾ ಮುರ್ಯಾಕತ್ತಾವ."

ಇಂದು ಆಣೆ ಮುರಿದೇಬಿಡುವೆನೆಂದು ಹೊಸ್ತಿಲು ದಾಟಿದೆ. ನಡುಮನೆಯಲ್ಲಿ ಹೆಂಗಸರು ಸರತಿಯಲ್ಲಿ ಅವರ ಕಾಲಿಗೆ ಬೀಳುತ್ತಿದ್ದರು. ಒಬ್ಬಳು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದಳು. "ನಮ್ಮತ್ತಿ ಹಲ್ಲಿಗಿ ಒಂದ ಅಗಳ ಮುಟ್ಟಿಸಿಲ್ರಿ!" ಸೊಸೆಗೆ ಹಿಗ್ಗೋ ಹಿಗ್ಗು. ಮಗ ಗೋಡೆಗೊರಗಿ ನಿಂತಿದ್ದ. ನಾನು ಬಾಯಿ ತೆರೆದೆ. ಅಕ್ಕೋರು ನನ್ನತ್ತ ನೋಡಿದರು, ಪಾಠದ ನಡುವೆ ಪಿಸುಗುಟ್ಟಿದವರನ್ನು ನೋಡುತ್ತಿದ್ದ ಹಾಗೆ.

ಲೋಟ ಕೆಳಗಿಟ್ಟು ನಾನೂ ಕಾಲಿಗೆ ಬಿದ್ದೆ. ತಲೆಯ ಮೇಲಿಟ್ಟ ಅವರ ಕೈಗೆ ಭಾರವೇ ಇರಲಿಲ್ಲ.

ಮಧ್ಯಾಹ್ನ ಅಕ್ಕೋರು ಹೋಗಿಬಿಟ್ಟರು. ಸಂಜೆ ಮಣ್ಣು ಮುಗಿದ ಮೇಲೆ, ತಲೆಗೆ ನೀರು ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ಆಚೆ ಮನೆಯವಳು ಒದ್ದೆ ಕೂದಲು ಜಾಡಿಸುತ್ತ ಅಂದಳು:

"ಎಷ್ಟ ಚಲೋ ಸಾವು ಬಂತ ನೋಡ್ರಿ. ಮುಂದಿನ ವರ್ಷ ನಾವೂ ಹಿಡಿಯೂಣ್ರಿ ಈ ಹಾಲಿನ ಉಪಾಸ."