‘ಚೆನ್ನಾಗಿದ್ದೀನಿ’ ಎನ್ನುತ್ತಿದ್ದ ಬಸುರಿ

ನಮ್ಮತ್ತೆ ಹೆಂಗಸರ ಜೈಲಿನಲ್ಲಿ ನರ್ಸು. ಇಪ್ಪತ್ತಾರು ವರ್ಷದಿಂದ ಅಲ್ಲಿನ ಬಸುರಿಯರ ಬಿಪಿ ನೋಡಿ, ಕಾಲು ಊದಿದೆಯೇ ಎಂದು ಒತ್ತಿ ನೋಡಿ, ಕೊನೆಗೊಂದು ಹಾಳೆ ತುಂಬಿಸುತ್ತಾರೆ. ನಿದ್ದೆ ಬರುತ್ತದೆಯೇ? ಅಳು ಬರುತ್ತದೆಯೇ? ಬದುಕು ಸಾಕೆನಿಸುತ್ತದೆಯೇ? ಎಲ್ಲರದೂ ಒಂದೇ ಉತ್ತರ: ಚೆನ್ನಾಗಿದ್ದೀನಿ.

“ಒಳಗಿರೋರೆಲ್ಲ ಚೆನ್ನಾಗಿದ್ದಾರಂತೆ ಕಣೇ. ಆಚೆ ಇರೋ ನಾವೇ ಪಾಪ,” ಎಂದು ಅತ್ತೆ ಚಪ್ಪಲಿ ಬಿಡುತ್ತಲೇ ನಗುತ್ತಾರೆ.

ಒಂದು ದಿನ ಮಾತ್ರ ನಗಲಿಲ್ಲ. ಎಂಟು ತಿಂಗಳ ಬಸುರಿಯೊಬ್ಬಳು, ಆಚೆ ಇದ್ದಾಗ ಬಟ್ಟೆ ಹೊಲಿಯುತ್ತಿದ್ದ ಹುಡುಗಿ, ತಟ್ಟೆ ಮುಟ್ಟುತ್ತಿಲ್ಲವಂತೆ. ದಿನವಿಡೀ ಗೋಡೆ ಕಡೆ ಮುಖ. ಕೇಳಿದರೆ ಚೆನ್ನಾಗಿದ್ದೀನಿ. ಮನಸ್ಸು ಸರಿಯಿಲ್ಲವೆಂದು ಬರೆದುಕೊಂಡರೆ ಹೆತ್ತ ಕೂಡಲೇ ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂದು ಯಾರೋ ಅವಳ ತಲೆಗೆ ತುಂಬಿದ್ದರು. ಹಾಗೇನಿಲ್ಲ ಎಂದು ಅತ್ತೆ ಎಷ್ಟು ಹೇಳಿದರೂ ಕಿವಿಗೇ ಹಾಕಿಕೊಂಡಿರಲಿಲ್ಲ. ಡಾಕ್ಟರ ಮುಂದೆಯೂ ಬಾಯಿ ಬಿಡದಿದ್ದರೆ ಅವರಾದರೂ ಏನು ಮಾಡಿಯಾರು?

“ನಿನ್ನ ವಿಷಯ ಹೇಳ್ಲೇನೇ ಅವಳಿಗೆ?” ಎಂದರು ಅತ್ತೆ.

ಹೆರಿಗೆಯಾದ ಮೇಲೆ ನಾನು ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು, ಉಸಿರಿದೆಯೋ ಇಲ್ಲವೋ ಎಂದು ನೋಡುತ್ತಲೇ ಕೂತಿರುತ್ತಿದ್ದೆ. ಆ ಗಾಬರಿಗೆ ನಾಲ್ಕು ತಿಂಗಳು ಮಾತ್ರೆ ನುಂಗಿದ್ದನ್ನು ತವರಿಗೂ ಹೇಳಿಲ್ಲ. ಈಗ ಜೈಲಿನಲ್ಲಿ ಡಂಗುರವೇ?

“ಹೆಸರು ಮಾತ್ರ ಹೇಳ್ಬೇಡಿ ಅತ್ತೆ.”

“ಹೆಸರ್ಯಾಕೆ? ನಮ್ಮನೆ ಗಾಬರಿ ಗೌರಮ್ಮ ಅಂತೀನಿ, ಸಾಕಲ್ಲ.”

ಮರುದಿನ ಮಧ್ಯಾಹ್ನ ಅತ್ತೆ ಹಾಳೆಯನ್ನು ಮಡಚಿಟ್ಟು, ಅವಳ ಪಕ್ಕ ನೆಲದ ಮೇಲೆ ಕೂತು, ನನ್ನ ಕಥೆಯನ್ನೆಲ್ಲ ಆ ಬೆನ್ನಿಗೇ ಹೇಳಿದರಂತೆ. ಕೊನೆಗೆ ಹುಡುಗಿ ಈ ಕಡೆ ಹೊರಳಿದಳು.

“ಮಗು ಈಗ ಯಾರ ಹತ್ರ ಇದೆ ಸಿಸ್ಟರಮ್ಮ?”

“ಅವಳ ಹತ್ರಾನೇ. ಸೊಂಟ ಬಿಟ್ಟು ಇಳಿಯಲ್ಲ. ನಾನು ಎತ್ಕೊಂಡ್ರೆ ಕನ್ನಡಕ ಕಿತ್ತು ಎಸೆಯುತ್ತೆ, ಪೋಲಿ.”

“ಅವರದ್ದೂ ಮನಸ್ಸು ಸರಿಯಿಲ್ಲ ಅಂತ ಬರ್ಕೊಂಡಿದ್ರಾ?”

“ಹೂಂ. ನಾನೇ ಪಕ್ಕದಲ್ಲಿ ಕೂತು ಡಾಕ್ಟರ ಹತ್ರ ಬರೆಸಿದೆ.”

ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಂದೊಂದಾಗಿ ಹೇಳತೊಡಗಿದಳು: ಮೂರು ವಾರದಿಂದ ನಿದ್ದೆಯಿಲ್ಲ. ಮಗು ಒದ್ದಾಗಲೆಲ್ಲ ‘ನನ್ನ ಹೊಟ್ಟೆಗೇ ಯಾಕೆ ಬಂದೆಯಪ್ಪಾ’ ಎಂದು ಅತ್ತು, ಅದರ ಹತ್ತಿರ ಕ್ಷಮೆ ಕೇಳುತ್ತಾಳೆ.

ಅತ್ತೆ ಹಾಳೆ ಬಿಡಿಸಿ ಬರೆದರು. ಬರೆದ ಪ್ರತಿ ಸಾಲನ್ನೂ ಅವಳಿಗೆ ಓದಿ ಹೇಳಿದರು. ಒಂದು ಕಡೆ ಅವಳೇ ತಡೆದಳಂತೆ.

“ಸ್ವಲ್ಪ ಅಳು ಬರುತ್ತೆ ಅಂತ ಹಾಕ್ಬೇಡಿ ಸಿಸ್ಟರಮ್ಮ. ತುಂಬಾ ಅಂತ ಹಾಕಿ.”