ಪೆದ್ದಕ್ಕ ಎತ್ತಿಟ್ಟಿದ್ದ ಸೀರೆ

ಹಿಂದೂಪುರದ ಹುಣಸೆ ಮಂಡಿಯಲ್ಲಿ ಬೀಜ ಬಿಡಿಸುವ ವಾಣಿಶ್ರೀ ಎರಡು ವರ್ಷದಲ್ಲಿ ಐವತ್ತು ಕಿಲೋ ಇಳಿದಳು. ಸಕ್ಕರೆ ಕಾಯಿಲೆ ಮಿತಿಮೀರಿದೆ ಎಂದು ಡಾಕ್ಟರು ಹೆದರಿಸಿದ ಮೇಲೆ ಅನ್ನ ಬಿಟ್ಟಳು, ಅರ್ಧ ಮುದ್ದೆಗೆ ಇಳಿದಳು, ದಿನಾ ಬೆಳಿಗ್ಗೆ ರೈಲ್ವೆ ಗೇಟಿನವರೆಗೆ ನಡೆದಳು. ದಪ್ಪಗಿದ್ದಾಗ ಆಡಿಕೊಂಡು ನಕ್ಕವರೇ ಈಗ ಇವಳಿಗೆ ಯಾವ ರೋಗ ಬಡಿಯಿತೋ ಎಂದು ಪಿಸುಗುಟ್ಟಿದರು. ಜನಕ್ಕೆ ಹೆಂಗಸು ಹೇಗಿದ್ದರೂ ತಕರಾರೇ.

ಕೊಬ್ಬು ಹೋಯಿತು, ಚರ್ಮ ಉಳಿಯಿತು. ಹೊಟ್ಟೆಯಿಂದ ತೊಡೆಯವರೆಗೆ ಅದು ಖಾಲಿ ಚೀಲದಂತೆ ಜೋತುಬಿದ್ದಿತ್ತು. ಮಡಿಕೆಯಲ್ಲಿ ಬೆವರು ನಿಂತು ಹುಣ್ಣಾಗುತ್ತಿತ್ತು. ದಿನವಿಡೀ ನೆಲದಲ್ಲಿ ಕುಳಿತು ಹುಣಸೆ ಬಡಿಯುವವಳಿಗೆ ಆ ಹುಳಿ ದೂಳು ಹುಣ್ಣಿಗೆ ತಾಗಿದರೆ ಜೀವ ಹೋಗಿ ಬಂದಂತಾಗುತ್ತಿತ್ತು.

ಆಸ್ಪತ್ರೆಯ ಡಾಕ್ಟರು ಬಿಡಿಸಿ ಹೇಳಿದ್ದರು. ಎಣ್ಣೆ, ಮುಲಾಮು, ವ್ಯಾಯಾಮ ಯಾವುದಕ್ಕೂ ಈ ಚರ್ಮ ಒಳಗೆ ಹೋಗುವುದಿಲ್ಲ. ಶಾಖ ಕೊಡುವ ಮೆಷೀನು ಅಲ್ಪಸ್ವಲ್ಪ ಸಡಿಲಕ್ಕಷ್ಟೇ. ಜೋತುಬಿದ್ದಿದ್ದನ್ನು ಮಾತ್ರ ಕತ್ತರಿಸಿ ತೆಗೆಯುವ ಚಿಕ್ಕ ಆಪರೇಷನ್ ಮಾಡಬಹುದು. ಬೇಕಾದರೆ ಒಳಗಿನ ಸ್ನಾಯು ಬಿಗಿದು, ಹೊಕ್ಕುಳನ್ನೂ ಸರಿಮಾಡುವ ದೊಡ್ಡ ಆಪರೇಷನ್ ಇದೆ. ವಾಣಿಶ್ರೀಗೆ ಅಂದ ಬೇಕಿರಲಿಲ್ಲ, ಹುಣ್ಣು ತಪ್ಪಿದರೆ ಸಾಕಿತ್ತು. ಚಿಕ್ಕದನ್ನೇ ಒಪ್ಪಿದಳು. ಕಾರ್ತಿಕ ಮುಗಿದ ಮೇಲಿನ ಸೋಮವಾರಕ್ಕೆ ದಿನ ಗೊತ್ತಾಯಿತು. ಆಮೇಲೆ ಆರು ವಾರ ಬೆಲ್ಟು ಕಟ್ಟಿಕೊಂಡು ಸುಧಾರಿಸಿಕೊಂಡರೆ ಹೊಸ ಹುಣಸೆ ಮಂಡಿಗೆ ಬರುವ ಹೊತ್ತಿಗೆ ಎದ್ದು ಕೂರಬಹುದು. ಒಂದೇ ಷರತ್ತು: ಅಲ್ಲಿಯವರೆಗೆ ಚರ್ಮ ಒಣಗಿರಬೇಕು, ಹುಣ್ಣಿರಬಾರದು.

ನೋಡಿಕೊಳ್ಳಲೆಂದು ಸೆಟ್ಟೂರಿನಿಂದ ತಾಯಿ ಪೆದ್ದಕ್ಕ ಎರಡು ವಾರ ಮೊದಲೇ ಬಂದಳು. ಚೀಲದಿಂದ ಹರಳೆಣ್ಣೆ ಸೀಸೆ ತೆಗೆದಳು, ಜೊತೆಗೆ ಒಂದು ಹಳೆಯ ನೂಲಿನ ಸೀರೆ.

"ಕುಯ್ಯಿಸ್ಕಳಾದು ಯಾತಕ್ಕೇ? ಬಾಣ್ತೀರ್ಗೆ ಹೊಟ್ಟೆ ಕಟ್ಟಿದ್ರೆ ಒಳೀಕೆ ಹೋಗಲ್ವಾ? ಬಾ ಇಲ್ಲಿ, ಕಟ್ತೀನಿ."

"ಡಾಕ್ಟ್ರು ಬ್ಯಾಡ ಅಂದವ್ರೆ ಕಣಮ್ಮ."

"ಡಾಕ್ಟ್ರು ಎಷ್ಟು ಹೆತ್ತವ್ನೆ? ಸುಮ್ಕಿರು."

ಆ ಸೀರೆ ವಾಣಿಶ್ರೀಗೆ ಗೊತ್ತಿತ್ತು. ಮಗಳ ಬಾಣಂತನಕ್ಕೆಂದು ತಾಯಿ ಒಗೆದು ಮೆತ್ತಗೆ ಮಾಡಿ ಇಪ್ಪತ್ತು ವರ್ಷದಿಂದ ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದಳು. ಬಸಿರು ನಿಲ್ಲಲೇ ಇಲ್ಲ. ಅದೇ ನೆಪ ಮಾಡಿ ಗಂಡ ಬೇರೆಯವಳನ್ನು ಕಟ್ಟಿಕೊಂಡ. ಸೀರೆ ಪೆಟ್ಟಿಗೆಯಲ್ಲೇ ಉಳಿಯಿತು. ಈಗ ಮುದುಕಿ ಅದನ್ನು ಬಿಚ್ಚಿ, ಮಗಳ ಹೊಟ್ಟೆಗೆ ಎಣ್ಣೆ ಹಚ್ಚಿ, ಸುತ್ತು ಸುತ್ತು ಬಿಗಿಯುತ್ತಾ ಏನೋ ಗುನುಗುತ್ತಿದ್ದಳು. ಕನ್ನಡಿಯೆದುರು ತಾನೇ ನೋಡಲು ಹೇಸುತ್ತಿದ್ದ ಹೊಟ್ಟೆಯನ್ನು ಅಮ್ಮ ಅಕ್ಕರೆಯಿಂದ ಮುಟ್ಟುತ್ತಿದ್ದಳು. ಬೇಡ ಎನ್ನಲು ವಾಣಿಶ್ರೀಗೆ ಬಾಯಿ ಬರಲಿಲ್ಲ. ನಾಲ್ಕನೇ ದಿನಕ್ಕೆ ಕೆರೆತ ಶುರುವಾಯಿತು. ಆಗಲೂ ಹೇಳಲಿಲ್ಲ.

ಆಪರೇಷನ್ನಿಗೆ ಎರಡು ದಿನ ಮುಂಚೆ ಡಾಕ್ಟರು ಕಟ್ಟು ಬಿಚ್ಚಿಸಿ ನೋಡಿದರು. ಎಣ್ಣೆ, ಬೆವರು ಸೇರಿ ಮಡಿಕೆಯುದ್ದಕ್ಕೂ ಚರ್ಮ ಸುಲಿದು ಕೀವು ಕಟ್ಟಿತ್ತು.

"ಎವರಮ್ಮಾ ಇದಿ ಕಟ್ಟಿಂದಿ?" ಯಾರು ಕಟ್ಟಿದ್ದೆಂದು ಅವರು ಸಿಡುಕಿದರು.

ಪೆದ್ದಕ್ಕ ಬಾಗಿಲ ಹತ್ತಿರ ನಿಂತಿದ್ದಳು. ಕನ್ನಡದಷ್ಟೇ ತೆಲುಗೂ ಅವಳಿಗೆ ಬರುತ್ತಿತ್ತು.

"ನೇನೇ ಸಾರ್," ನಾನೇ ಎಂದಳು ವಾಣಿಶ್ರೀ.

ಇದನ್ನು ಇಟ್ಟುಕೊಂಡು ಕತ್ತಿ ಹಾಕಿದರೆ ಗಾಯ ಕೂಡುವುದಿಲ್ಲ, ವಾಸಿಯಾದ ಮೇಲೆ ನೋಡೋಣ ಎಂದರು ಡಾಕ್ಟರು. ವಾಸಿಯಾಗಿ, ಆಪರೇಷನ್ನಿನ ಆರು ವಾರ ಮುಗಿಯುವ ಮೊದಲೇ ಮಂಡಿಗೆ ಹುಣಸೆ ಬರುತ್ತದೆ. ಕೆಲಸಕ್ಕೆ ಕೂತರೆ ಮತ್ತೆ ಹುಣ್ಣು. ಕೂರದಿದ್ದರೆ ಅವಳ ಜಾಗದಲ್ಲಿ ಇನ್ನೊಬ್ಬಳು. ಇನ್ನೊಂದು ಬೇಸಿಗೆ ಅದೇ ಉರಿಯಲ್ಲಿ ಕಳೆಯಬೇಕೆಂದು ನೆನೆದು ವಾಣಿಶ್ರೀ ಆಟೋದಲ್ಲಿ ಸದ್ದಿಲ್ಲದೆ ಅತ್ತಳು. ತಾಯಿ ರಸ್ತೆಯ ಕಡೆಗೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಪೆದ್ದಕ್ಕ ಒಲೆಯಿಂದ ಮುದ್ದೆ ಪಾತ್ರೆ ಇಳಿಸುತ್ತಿದ್ದಳು. ಕೈಯಲ್ಲಿದ್ದ ಮಸಿಬಟ್ಟೆ ಆ ಸೀರೆಯ ತುಂಡು. ಉಳಿದದ್ದನ್ನೂ ಹರಿದು ಮಡಚಿ ಗೂಡಿನಲ್ಲಿಟ್ಟಿದ್ದಳು.

"ಹತ್ತು ಗಂಟೆ ಬಸ್ಗೆ ಊರಿಗೆ ಹೋಯ್ತೀನಿ ಕಣಮ್ಮ."

ವಾಣಿಶ್ರೀ ಒಲೆಯ ಹತ್ತಿರ ಬಂದಳು. "ಆಪರೇಸನ್ ಆದ್ಮೇಲೆ ಬಾರಮ್ಮ. ಆವಾಗ ಹೊಟ್ಟೆ ಕಟ್ಬೇಕಂತೆ. ನೀನೇ ಕಟ್ಟು."

"ಬೆಲ್ಟು ಕೊಡ್ತಾರಂತಲ್ಲ," ಎಂದು ಪೆದ್ದಕ್ಕ ಮಗಳ ಮುಖ ನೋಡದೆ ಮುದ್ದೆ ತಿರುವಿದಳು.